ಕೆ-ಸೆಟ್ ಪಾಸಾದ ಮಗಳಿಗೆ ಊರಿನ ಕಾಲೇಜಿನಲ್ಲಿ ಕೆಲಸ: ಅತ್ತಿಗೆ ಕೇಳಿದ್ದಕ್ಕೆ

ಅತ್ತಿಗೇ, ಮಗಳು ಮಂಗಳೂರು ವಿ.ವಿ.ಯಲ್ಲಿ ಕನ್ನಡ ಎಂ.ಎ. ಮಾಡಿ ಕೆ-ಸೆಟ್ (ಕರ್ನಾಟಕದ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸಾಗಿದ್ದಾಳೆ, ಕಾಸರಗೋಡಿನಲ್ಲೇ ಕಾಲೇಜು ಕೆಲಸ ಸಿಗಬಹುದಾ ಅಂತ ನಿನ್ನೆ ಕೇಳಿದ್ರಲ್ಲ. ಸಿಗಬಹುದು. ಆದ್ರೆ ಮೊದಲೇ ಹೇಳ್ತೇನೆ, ಬೇಜಾರು ಮಾಡ್ಬೇಡಿ, ಕೆ-ಸೆಟ್ ತಲಪಾಡಿ ಗಡಿಯಿಂದ ಈಚೆಗೆ, ಅಂದ್ರೆ ಕೇರಳದಲ್ಲಿ, ನಡೆಯುವುದಿಲ್ಲ. 2002 ಜೂನ್ ನಂತರದ ಸೆಟ್ ಎಲ್ಲ ಆಯಾ ರಾಜ್ಯಕ್ಕೆ ಮಾತ್ರ. ಹಾಗಂತ ಕೇರಳದ ಸೆಟ್‌ಗೆ ಫೀಸು ಕಟ್ಟಲಿಕ್ಕೂ ಹೋಗ್ಬೇಡಿ. ಎಲ್‌ಬಿಎಸ್ ಸೆಂಟರ್ ಅನ್ನುವ ಕೇರಳದ ಸಂಸ್ಥೆಯವರು ನಡೆಸುವ ಆ ಪರೀಕ್ಷೆ ಪ್ಲಸ್ ಟು ಟೀಚರುಗಳಿಗೆ, ಕಾಲೇಜಿಗಲ್ಲ. ಹೆಸರು ಒಂದೇ ಆದ ಕಾರಣ ಮಕ್ಕಳು ಇಲ್ಲೇ ಎಡವುವುದು.

ಅವಳಿಗೆ ಬೇಕಾದ್ದು ನೆಟ್, ಅಂದ್ರೆ ಇಡೀ ದೇಶಕ್ಕೆ ನಡೆಯುವ ಯುಜಿಸಿ ಅರ್ಹತಾ ಪರೀಕ್ಷೆ. ಜೂನ್, ಡಿಸೆಂಬರ್ ಅಂತ ವರ್ಷಕ್ಕೆ ಎರಡು ಸಲ ಉಂಟು, ಕನ್ನಡದ ಕೋಡ್ 21. ಮೊದಲ ಪೇಪರಿನಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100, ಒಟ್ಟು 300 ಅಂಕ, ಮೂರು ಗಂಟೆ. ತಪ್ಪಿಗೆ ಅಂಕ ಕಡಿಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಿಲೆಬಸ್ ಕೆ-ಸೆಟ್‌ನದ್ದೇ, ಕನ್ನಡ ಅವಳಿಗೆ ಕಷ್ಟ ಆಗ್ಲಿಕ್ಕಿಲ್ಲ. ಸಾಹಿತ್ಯದವರಿಗೆ ಕೈಕೊಡುವುದು ಮೊದಲ ಪೇಪರಿನ ಲೆಕ್ಕ, ತರ್ಕ, ಅಂಕಿಅಂಶದ ಕೋಷ್ಟಕ. ದಿನಾ ಒಂದು ಗಂಟೆ ಅದಕ್ಕೇ ಇಡಲಿ.

ನೆಟ್ ಆಗುವವರೆಗೆ ಸುಮ್ಮನೆ ಕೂರುವುದು ಬೇಡ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಗೆಸ್ಟ್ ಲೆಕ್ಚರರ್ (ತಾತ್ಕಾಲಿಕ ಅಧ್ಯಾಪಕಿ) ಆಗಬೇಕಾದ್ರೆ ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯ ಗೆಸ್ಟ್ ಪ್ಯಾನಲ್‌ನಲ್ಲಿ ಹೆಸರಿರಬೇಕು. ಇಂಟರ್‌ವ್ಯೂಗೆ ಹೋದಾಗ ಮೊದಲು ಕೇಳುವುದೇ ಆ ನೋಂದಣಿ. ಎಂ.ಎ.ಯಲ್ಲಿ 55 ಶೇಕಡಾ ಇದ್ರೆ ಹೆಸರು ಹಾಕಬಹುದು. ನೆಟ್ ಆದವರು ಬಾರದಿದ್ದಲ್ಲಿ ಇಂಥವರನ್ನು ನೋಡ್ತಾರೆ, ಕನ್ನಡಕ್ಕೆ ಹಾಗೆ ಅವಕಾಶ ಬರುವುದುಂಟು. ಇಂಟರ್‌ವ್ಯೂ ಹೆಚ್ಚಾಗಿ ಮೇ-ಜೂನ್‌ನಲ್ಲಿ, ನಾಲ್ಕೈದು ದಿನ ಮೊದಲಷ್ಟೇ ಪೇಪರಿನಲ್ಲಿ ಬರ್ತದೆ. ಅದನ್ನು ನೋಡಿ ನೋಂದಣಿಗೆ ಓಡಿದ್ರೆ ತಡ ಆಯ್ತು.

ಕಾಗದಪತ್ರ ಈಗಲೇ ಬಿಡಿಸಿ ನೋಡಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಬರೀ "ಕೆ." ಇದ್ದು, ವಿ.ವಿ. ಅಂಕಪಟ್ಟಿಯಲ್ಲಿ ಅದೇ ಬಿಡಿಸಿ ಬರೆದಿರ್ತದೆ. ಮೇಜಿನ ಆಚೆ ಕೂತವರಿಗೆ ಅದು ಇಬ್ಬರ ಹೆಸರಾಗಿ ಕಾಣ್ತದೆ. ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಅರ್ಜಿ ಆನ್‌ಲೈನ್ ಹಾಕಿಕೊಡುವಲ್ಲಿ) ಎರಡೂ ಹೆಸರು ಒಬ್ಬರದ್ದೇ ಅಂತ ಹೇಳುವ 'ವನ್ ಆ್ಯಂಡ್ ದ ಸೇಮ್' ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿದ್ರೆ ವಿಲೇಜ್ ಆಫೀಸಿನಿಂದ ಸಿಗ್ತದೆ. ಪದವಿ ಕರ್ನಾಟಕದ್ದಾದ ಕಾರಣ ಈಕ್ವಿವೆಲೆನ್ಸ್ (ಇಲ್ಲಿಯ ಪದವಿಗೆ ಸಮ ಅನ್ನುವ ಪತ್ರ) ಬೇಕಾ ಅಂತ ಪ್ಯಾನಲ್ ಕಚೇರಿಯಲ್ಲೇ ಮೊದಲು ಕೇಳಿ.

ಪೆರಿಯದ ಕೇಂದ್ರೀಯ ವಿ.ವಿ. ಬಗ್ಗೆಯೂ ಕೇಳಿದ್ರಿ. ಕೇಂದ್ರೀಯ ವಿ.ವಿ.ಗಳ ಅಧ್ಯಾಪಕ ಹುದ್ದೆಗೆ 2023ರಲ್ಲಿ ಸಿಯು-ಚಯನ್ ಅಂತ ಪೋರ್ಟಲ್ ಬಂದಿದೆ, ಅದರಲ್ಲಿ ಪ್ರೊಫೈಲ್ ಮಾಡಿಡಲಿ. ಆದ್ರೆ ಅಲ್ಲಿ ಇಂಟರ್‌ವ್ಯೂಗೆ ಆರಿಸುವ ಶಾರ್ಟ್‌ಲಿಸ್ಟಿನ 100 ಅಂಕದಲ್ಲಿ ಪಿಎಚ್‌ಡಿಗೇ 30, ನೆಟ್‌ಗೆ 5. ಈಗಲೇ ಆಸೆ ಇಟ್ಟುಕೊಳ್ಳುವುದು ಬೇಡ.

ಕೆ-ಸೆಟ್ ಹಾಳಾಯ್ತು ಅಂತಲ್ಲ. ಮಂಗಳೂರು, ಪುತ್ತೂರು ಕಡೆಯ ಪದವಿ ಕಾಲೇಜುಗಳಿಗೆ ಅದು ಪೂರ್ತಿ ನಡೆಯುತ್ತದೆ. ಮಂಜೇಶ್ವರದಿಂದ ಮಂಗಳೂರಿಗೆ ದಿನಾ ಹೋಗಿ ಬರಬಹುದು, ಅಲ್ಲಿಯೂ ಅರ್ಜಿ ಹಾಕಲಿ.

ಎಲ್ಲಿ ಸೇರಿದ್ರೂ ವರ್ಷ ಮುಗಿಯುವಾಗ ಅನುಭವ ಪತ್ರ ಕೈಯಲ್ಲೇ ತೆಗೆದುಕೊಳ್ಳಬೇಕು. ಸೇರಿದ ತಾರೀಕು, ಬಿಟ್ಟ ತಾರೀಕು, ವಿಷಯ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಸಂಬಳ, ಪ್ರಿನ್ಸಿಪಾಲರ ಸಹಿ-ಮೊಹರು, ಇಷ್ಟೂ ಇರಬೇಕು. ಕೇಂದ್ರೀಯ ವಿ.ವಿ.ಯ ಶಾರ್ಟ್‌ಲಿಸ್ಟಿನಲ್ಲಿ ಕಲಿಸಿದ ಅನುಭವಕ್ಕೆ ವರ್ಷಕ್ಕೆ 2 ಅಂಕ, ಹೆಚ್ಚೆಂದ್ರೆ 10. ಪ್ರಿನ್ಸಿಪಾಲರು ವರ್ಗವಾಗಿ ಹೋದ ಮೇಲೆ ಹಳೇ ರಿಜಿಸ್ಟರ್ ಹುಡುಕಿಸುವುದು ತುಂಬ ಕಷ್ಟ. ಅವಳ ಎಸ್‌ಎಸ್‌ಎಲ್‌ಸಿ ಮತ್ತೆ ಎಂ.ಎ. ಸರ್ಟಿಫಿಕೇಟಿನ ಫೋಟೋ ನನಗೆ ಬೇರೆಯಾಗಿ ಕಳಿಸಿ, ಹೆಸರು ತಾಳೆ ಆಗ್ತದಾ ನೋಡಿ ಹೇಳ್ತೇನೆ. ಗ್ರೂಪಿಗೆ ಹಾಕ್ಬೇಡಿ ಆಯ್ತಾ.