ಶಿವಮೊಗ್ಗದಲ್ಲಿ ಜಿಮ್ ಟ್ರೈನರ್‌ಗೆ ದುಡ್ಡು ಜಾಸ್ತಿಯೋ, ಫಿಸಿಯೋಗೋ?

ತುಂಗಾತೀರ: ತಮ್ಮ ಪಿಯುಸಿ ಪಿಸಿಎಂಬಿ ಮುಗಿಸಿದ್ದಾನೆ. ಟ್ರೈನರ್ ಕೋರ್ಸ್ ಮಾಡಿ ಬೇಗ ದುಡಿಯೋಕೆ ಶುರು ಮಾಡ್ತೀನಿ ಅಂತಾನೆ, ಅಪ್ಪ ಬಿಪಿಟಿ (ಫಿಸಿಯೋಥೆರಪಿ ಪದವಿ) ಸೇರು ಅಂತಾರೆ. ಊರು ಬಿಡೋ ಯೋಚನೆ ಇಲ್ಲ. ಯಾವುದು ವಾಸಿ?

ಬೆಳಗಿನ ಬ್ಯಾಚ್: ಟ್ರೈನರ್‌ಗೆ ಮೂಲ ಸಂಬಳ ಬೇರೆ, ಪರ್ಸನಲ್ ಟ್ರೈನಿಂಗ್ ಪಾಲು ಬೇರೆ. ಮನೆ ನಡೆಯೋದು ಎರಡನೆಯದರಿಂದ. ಲೆಕ್ಕಕ್ಕೆ, ಕ್ಲೈಂಟ್ ತಿಂಗಳಿಗೆ 4,000 ಕೊಟ್ಟು ಅರ್ಧ ಟ್ರೈನರ್‌ಗೆ ಅಂತಿದ್ರೆ ಆರು ಜನರಿಂದ 12,000. ಪಾಲು ಹಾಕೋದು ಜಿಎಸ್‌ಟಿ ಕಳೆದ ಮೇಲೋ, ಮುಂಚೆಯೋ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿದಿದೆ. ಆ 4,000 ತೆರಿಗೆ ಸೇರಿದ್ದಾದ್ರೆ ತೆರಿಗೆ ಕಳೆದು ಒಬ್ಬ ಕ್ಲೈಂಟ್‌ನಿಂದ ಕೈಗೆ ಬರೋದು ಸುಮಾರು 1,905. ರಿನ್ಯೂವಲ್‌ಗೂ ಪಾಲು ಇದೆಯಾ ಅನ್ನೋದು ಇನ್ನೂ ಮುಖ್ಯ. ಮೊದಲ ತಿಂಗಳಿಗೆ ಮಾತ್ರ ಕೊಟ್ಟು ಕೈ ತೊಳ್ಕೊಳ್ಳೋರಿದ್ದಾರೆ. ನಮ್ಮ ಮಳೆ ಹಿಡಿದ್ರೆ ಐದೂವರೆ ಬ್ಯಾಚ್‌ಗೆ ಯಾರು ಏಳ್ತಾರೆ? ವರ್ಷದ ಅಂದಾಜಿಗೆ ಪಾಲಿನ ದುಡ್ಡನ್ನ 12ರಿಂದಲ್ಲ, 9ರಿಂದ ಗುಣಿಸಿ.

ಮಂಡಿಚಿಪ್ಪು: ಬಿಪಿಟಿಗೆ ಇದುವರೆಗೆ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ, ಹೊಸ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಐದು. ಹೊರಬಂದ ತಕ್ಷಣ ಆಸ್ಪತ್ರೆ ಸಂಬಳ, ಕ್ಲೈಂಟ್ ತುಂಬಿರೋ ಟ್ರೈನರ್‌ಗಿಂತ ಕಮ್ಮಿ ಇರಬಹುದು. ಅಂತರ ಬರೋದು ಮನೆಭೇಟಿಯಲ್ಲಿ: ಪಾರ್ಶ್ವವಾಯು, ಮಂಡಿ ಬದಲಿ ಆದೋರು. ಭೇಟಿಗೆ 500, ದಿನಕ್ಕೆ ನಾಲ್ಕು, ತಿಂಗಳಿಗೆ 25 ದಿನ ಅಂದ್ರೆ 50,000. ಇದು ಊರೊಳಗಿನ ವಿನೋಬನಗರ, ಗೋಪಾಳದಂಥ ಕಡೆ ಸರಿ. ತೀರ್ಥಹಳ್ಳಿ, ಹೊಸನಗರ ಕಡೆ ಒಂಟಿ ಮನೆಗಳು. ಹೋಗಿಬರೋಕೆ 40 ಕಿ.ಮೀ. ಆದ್ರೆ 45 ನಿಮಿಷದ ಚಿಕಿತ್ಸೆಗೆ ಎರಡೂವರೆ ಗಂಟೆ ಹೋಯ್ತು. ಅಲ್ಲಿ ಪೆಟ್ರೋಲ್ ಬೇರೆಯಾಗಿ ಹಿಡೀದೇ ಇದ್ರೆ ನಷ್ಟ. ಹತ್ತು ಸಿಟ್ಟಿಂಗ್ ದುಡ್ಡು ಮುಂಗಡ ತಗೊಂಡ್ರೆ ಇನ್ನೊಂದು ತಕರಾರು: ಆರಕ್ಕೇ ನೋವು ಹೋಗುತ್ತೆ, ಉಳಿದ ದುಡ್ಡು ವಾಪಸ್ ಕೇಳ್ತಾರೆ. ವಾಪಸ್ ನಿಯಮ ರಸೀದಿ ಮೇಲೇ ಬರೀಬೇಕು. ಸ್ವಂತ ಕ್ಲಿನಿಕ್‌ಗೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು, ಐಎಫ್‌ಟಿ (ನೋವಿಗೆ ಸಣ್ಣ ಕರೆಂಟ್ ಕೊಡೋದು), ಅಲ್ಟ್ರಾಸೌಂಡ್ ಮಷೀನ್‌ಗೆ ಯುಪಿಎಸ್ ಬೇಕು. ಮಳೆಗಾಲದ ಕರೆಂಟ್ ಗೊತ್ತಲ್ಲ.

ಅಡಿಕೆ ಸಿಪ್ಪೆ: ಇಬ್ಬರೂ ಪಿಎಫ್, ಇಎಸ್‌ಐ (ನೌಕರರ ವಿಮೆ) ಬಿಟ್ರಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ತಿಂಗಳ ಸಂಬಳ 21,000ದ ಒಳಗಿದ್ರೆ ಇಎಸ್‌ಐ ವ್ಯಾಪ್ತಿಗೆ ಬರುತ್ತೆ, ನೌಕರನಿಂದ ಹಿಡಿಯೋದು ಶೇ 0.75 ಮಾತ್ರ. ಕೆಲವು ಜಿಮ್‌ಗಳು ಟ್ರೈನರ್‌ನ್ನ ಕಮಿಷನ್ ಲೆಕ್ಕದಲ್ಲಿ ತೋರಿಸಿ ಇದನ್ನ ತಪ್ಪಿಸ್ತವೆ. ಡಂಬೆಲ್ ಬಿದ್ದು ಕಾಲು ಮುರಿದ್ರೆ ಆಗ ಗೊತ್ತಾಗುತ್ತೆ ವ್ಯತ್ಯಾಸ. ಬಿಪಿಟಿ ಮುಗಿಸಿ ಟ್ರೈನರ್ ಸರ್ಟಿಫಿಕೇಟ್ ಮಾಡ್ಕೊಂಡ್ರೆ ಬೆಳಗ್ಗೆ ಜಿಮ್, ಹತ್ತರ ಮೇಲೆ ರೋಗಿಗಳು. ಉಲ್ಟಾ ಆಗಲ್ಲ: ಡಿಸ್ಕ್ ಜಾರಿದವರಿಗೆ ಟ್ರೈನರ್ ಚಿಕಿತ್ಸೆ ಕೊಡೋ ಹಾಗಿಲ್ಲ.