ಹಳೆಯ ಮಾರುತಿ 800: ಹೆಡ್ ಗ್ಯಾಸ್ಕೆಟ್ ಮನೆಯಲ್ಲೇ ಬದಲಿಸಬಹುದೇ?

ತುಂಗಾತೀರ, ಕೊಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕೊಂಡಿದ್ದ 1998ರ ಕಾರ್ಬ್ಯುರೇಟರ್ ಮಾದರಿಯ ಮಾರುತಿ 800 ಈಗಲೂ ನಮ್ಮ ಬಳಕೆಯಲ್ಲಿದೆ. ಕಳೆದ ತಿಂಗಳು ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯ ತಿರುವುಗಳಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಗಾಡಿಯನ್ನು ಬದಿಗೆ ನಿಲ್ಲಿಸಿ, ತಣಿದ ಮೇಲೆ ನೀರು ಹಾಕಿಕೊಂಡು ಮನೆ ಸೇರಿದೆವು. ಅಂದಿನಿಂದ ಹೊರಗೆ ಎಲ್ಲಿಯೂ ಸೋರಿಕೆ ಕಾಣದಿದ್ದರೂ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಒಂದು ಸಿಲಿಂಡರ್ ಸರಿಯಾಗಿ ಹೊಡೆಯುವುದಿಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಹಾಲು ಬೆರೆತ ಕಾಫಿಯ ಬಣ್ಣದ ಜಿಡ್ಡು ಅಂಟಿಕೊಂಡಿದೆ.

ಗ್ಯಾರೇಜಿನಲ್ಲಿ ವಿಚಾರಿಸಿದಾಗ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಬೇಕು ಎಂದರು. ಅವರು ಹೇಳಿದ ಖರ್ಚು ಗಾಡಿಯ ಈಗಿನ ಬೆಲೆಗೆ ಹೋಲಿಸಿದರೆ ದೊಡ್ಡದು, ಆದರೆ ಈ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ಬ್ರೇಕ್ ಶೂ, ಕ್ಲಚ್ ಕೇಬಲ್, ಕಾರ್ಬ್ಯುರೇಟರ್ ಶುಚಿ ಮಾಡುವುದು ಮುಂತಾದ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ, ಎಂಜಿನ್ ಮಾತ್ರ ಬಿಚ್ಚಿಲ್ಲ. ಈ ಕೆಲಸವನ್ನು ಮನೆಯಲ್ಲಿ ಮಾಡುವುದು ಸಾಧ್ಯವೇ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಹಳೇಎಂಜಿನ್, ಹಾಸನ

ಸಾಧ್ಯವಿದೆ ಸರ್. 796 ಸಿಸಿಯ ಈ ಮೂರು ಸಿಲಿಂಡರ್ ಎಂಜಿನ್ ಸರಳವಾದದ್ದು. ಹೆಡ್ ಒಬ್ಬರೇ ಎತ್ತಬಹುದಾದಷ್ಟು ಹಗುರ, ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಗ್ಯಾಸ್ಕೆಟ್ ನಿಜವಾಗಿಯೂ ಹೋಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ನೀವು ಹೇಳಿದ ಲಕ್ಷಣಗಳಲ್ಲಿ ಒಂದು ನಂಬುವಂಥದ್ದಲ್ಲ.

ಮುಚ್ಚಳದ ಒಳಗಿನ ಆ ಜಿಡ್ಡನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಮಲೆನಾಡಿನ ಮಳೆಗಾಲದಲ್ಲಿ, ದಿನವೂ ಪೇಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗದೆ ತಣ್ಣನೆಯ ಮುಚ್ಚಳದ ಮೇಲೆ ಕುಳಿತು, ಆಯಿಲಿನ ಜೊತೆ ಸೇರಿ ಹೀಗೆಯೇ ಕಾಣುತ್ತದೆ. ಗ್ಯಾಸ್ಕೆಟ್ ಸರಿಯಿರುವ ಗಾಡಿಯಲ್ಲಿಯೂ ಇದು ಆಗುತ್ತದೆ. ಆದ್ದರಿಂದ ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ತುದಿಯಲ್ಲಿಯೂ ಆಯಿಲ್ ಬಿಳಿಚಿಕೊಂಡಿದ್ದರೆ ಅಥವಾ ಹಾಕದೆಯೇ ಆಯಿಲಿನ ಮಟ್ಟ ಏರಿದ್ದರೆ, ಎಂಜಿನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ (ಸಂಪ್) ನೀರು ಇಳಿದಿದೆ ಎಂದು ಅರ್ಥ. ಹಾಗಿದ್ದರೆ ಆ ಆಯಿಲಿನಲ್ಲಿ ಎಂಜಿನನ್ನು ಒಂದು ನಿಮಿಷವೂ ಓಡಿಸಬಾರದು, ಬೇರಿಂಗುಗಳು ಹಾಳಾಗುತ್ತವೆ.

ಹೆಚ್ಚು ನಂಬಬಹುದಾದ ಪರೀಕ್ಷೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನದು. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಾಯಿಲಿನ ವಯರನ್ನು ಕಳಚಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ಮೂರರ ನಡುವೆ ಎಷ್ಟು ವ್ಯತ್ಯಾಸವಿದೆ ಎಂಬುದು ಮುಖ್ಯ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವಿನ ಸಣ್ಣ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಬಹಳ ಹೆಚ್ಚು. ಒಂದೇ ಕಡಿಮೆಯಿದ್ದರೆ ಅದರೊಳಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟಿನದು. ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು ನೋಡಿ. ಎರಡರ ಮೇಲೆ ಕಂದು ಬಣ್ಣವಿದ್ದು ಒಂದು ಮಾತ್ರ ಹಬೆಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ, ನೀರು ಹೋಗುತ್ತಿರುವುದು ಆ ಸಿಲಿಂಡರಿನೊಳಕ್ಕೆ.

ಇನ್ನೊಂದು, ತಣ್ಣಗಿರುವ ಎಂಜಿನಿನಲ್ಲಿ ರೇಡಿಯೇಟರಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದ ಕೂಡಲೇ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿನ ದಾರಿಗೆ ನುಗ್ಗುತ್ತಿದೆ. ಸಂಶಯ ಉಳಿದರೆ ಬಣ್ಣ ಬದಲಿಸುವ ದ್ರಾವಣದ ಪರೀಕ್ಷಾ ಕಿಟ್ ಸಿಗುತ್ತದೆ. ರೇಡಿಯೇಟರಿನ ಬಾಯಿಯಿಂದ ಎಳೆದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ದ್ರಾವಣ ಹಳದಿಯಾಗುತ್ತದೆ. ಬಿಸಿ ಎಂಜಿನಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

ತುಂಗಾತೀರ, ಕೊಪ್ಪ

ಬಹಳ ಉಪಕಾರವಾಯಿತು ಸರ್. ಗೇಜ್ ಎರವಲು ತಂದು ನೋಡಿದೆ. ಟೈಮಿಂಗ್ ಬೆಲ್ಟಿನ ಕಡೆಯಿಂದ ಎಣಿಸಿದರೆ ಮೊದಲನೆಯದು ಚೆನ್ನಾಗಿದೆ, ಎರಡು ಮತ್ತು ಮೂರನೆಯವು ಎರಡೂ ಬಹಳ ಕಡಿಮೆ ತೋರಿಸುತ್ತಿವೆ, ಆಯಿಲ್ ಬಿಟ್ಟರೂ ಏರಲಿಲ್ಲ. ಮೂರನೆಯದರ ಪ್ಲಗ್ ನೀವು ಹೇಳಿದಂತೆಯೇ ಬೆಳ್ಳಗಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಶುಭ್ರವಾಗಿದೆ. ಹೆಡ್ ಇಳಿಸುವುದೆಂದು ನಿರ್ಧರಿಸಿದ್ದೇನೆ. ಪರಿಚಯದವರೊಬ್ಬರು, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದರೆ ಸಾಕು, ಫೇಸಿಂಗ್ (ಹೆಡ್ಡಿನ ಕೆಳಮುಖವನ್ನು ಯಂತ್ರದಲ್ಲಿ ತೆಳುವಾಗಿ ಕೆತ್ತಿ ಸಮತಟ್ಟು ಮಾಡುವುದು) ಎಲ್ಲ ಬೇಡ ಎನ್ನುತ್ತಿದ್ದಾರೆ. ಇದು ಸರಿಯೇ?

ಲೇತ್‌ಮನೆ, ಶಿವಮೊಗ್ಗ

ದಯವಿಟ್ಟು ಹಾಗೆ ಮಾಡಬೇಡಿ. ಹೆಡ್ ಫೇಸಿಂಗ್ ನನ್ನ ನಿತ್ಯದ ಕೆಲಸ. ಹೊಸ ಗ್ಯಾಸ್ಕೆಟ್ ಹಾಕಿದ ಸ್ವಲ್ಪ ದಿನಗಳಲ್ಲೇ ಮತ್ತೆ ಹೆಡ್ ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರು ಅಳತೆ ನೋಡದೆ ಮುಚ್ಚಿದವರೇ ಆಗಿರುತ್ತಾರೆ. ಅಲ್ಯೂಮಿನಿಯಂ ಹೆಡ್ ಮಿತಿಮೀರಿ ಕಾದಾಗ ಹಿಗ್ಗಲು ನೋಡುತ್ತದೆ. ಬೋಲ್ಟುಗಳು ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಜಾಗ ಸಿಗದೆ ಬಾಗುತ್ತದೆ, ತಣಿದ ಮೇಲೆ ಆ ಬಾಗು ಹಾಗೆಯೇ ಉಳಿಯುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ.

ಹೆಡ್ಡನ್ನು ಚೊಕ್ಕಟ ಮಾಡಿದ ಮೇಲೆ, ನಂಬಿಕೆಯ ಸ್ಟ್ರೇಟ್ ಎಡ್ಜನ್ನು (ಅಂಚು ಪೂರ್ತಿ ನೇರವಿರುವ ಲೋಹದ ಪಟ್ಟಿ) ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಗಳಿಂದ ಓರೆಯಾಗಿ ಇಟ್ಟು, ಅದರ ಕೆಳಗೆ ಫೀಲರ್ ಗೇಜಿನ ತೆಳುವಾದ ಎಲೆಯನ್ನು ತೂರಿಸಿ ನೋಡಬೇಕು. ಇಂಥ ಸಣ್ಣ ಪೆಟ್ರೋಲ್ ಎಂಜಿನುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 0.05 ಮಿಲಿಮೀಟರ್. ಅಷ್ಟು ದಪ್ಪದ ಎಲೆ ಎಲ್ಲಾದರೂ ಸಲೀಸಾಗಿ ನುಗ್ಗಿದರೆ ಫೇಸಿಂಗ್ ಮಾಡಿಸಲೇಬೇಕು. ನಿಮ್ಮದರಲ್ಲಿ ಎರಡು ಮತ್ತು ಮೂರನೆಯ ಸಿಲಿಂಡರುಗಳ ನಡುವಿನ ಪಟ್ಟಿಯನ್ನು ಹೆಚ್ಚು ಗಮನವಿಟ್ಟು ನೋಡಿ. ಬೆಂಕಿ ದಾಟಿ ಹೋದ ಜಾಗದಲ್ಲಿ ಲೋಹ ಕೊರೆದು ಸಣ್ಣ ಕಾಲುವೆಯಂತೆ ಆಗಿರಬಹುದು, ಉಗುರನ್ನು ಅಡ್ಡ ಎಳೆದರೆ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಲಾಕಿನ ಮೇಲ್ಮೈಗೂ ಇದೇ ಪರೀಕ್ಷೆ ಆಗಬೇಕು. ಅದನ್ನು ಬಹಳ ಜನ ಮರೆಯುತ್ತಾರೆ.

ಫೇಸಿಂಗ್ ಮಾಡುವವರಿಗೆ ಸಮತಟ್ಟಾಗುವಷ್ಟು ಮಾತ್ರ ತೆಗೆಯಿರಿ ಎಂದು ಹೇಳಿ. ಹೆಚ್ಚು ತೆಗೆದರೆ ಕಂಪ್ರೆಷನ್ ಏರಿ ಎಂಜಿನ್ ನಾಕ್ ಆಗಲು (ಒಳಗೆ ಬಡಿದಂತೆ ಸದ್ದು ಮಾಡಲು) ಶುರುವಾಗುತ್ತದೆ. ಕ್ಯಾಮ್‌ಶಾಫ್ಟ್ ಕ್ರ್ಯಾಂಕಿಗೆ ಹತ್ತಿರ ಬರುವುದರಿಂದ ವಾಲ್ವ್ ಟೈಮಿಂಗ್ ಕೂಡ ಅಷ್ಟಿಷ್ಟು ವ್ಯತ್ಯಾಸವಾಗುತ್ತದೆ. ಮತ್ತೊಂದು ವಿಷಯ, ಹೆಡ್ ಬಾಗಿದಾಗ ಅದರ ಕೆಳಗಿನ ಮುಖವಷ್ಟೇ ಅಲ್ಲ, ಕ್ಯಾಮ್‌ಶಾಫ್ಟ್ ಕೂರುವ ಸಾಲೂ ಬಾಗಿರುತ್ತದೆ. ರಾಕರುಗಳನ್ನು ತೆಗೆದು ಕ್ಯಾಮ್‌ಶಾಫ್ಟನ್ನು ಬೆರಳಿನಲ್ಲೇ ತಿರುಗಿಸಿ ನೋಡಿ. ಒಂದು ಸುತ್ತಿನಲ್ಲಿ ಎಲ್ಲಿಯೂ ಬಿಗಿ ಹಿಡಿಯಬಾರದು. ಹಿಡಿದರೆ ಫೇಸಿಂಗ್ ಸಾಲದು, ಬೇರೆ ಹೆಡ್ ಹುಡುಕುವುದೇ ಒಳ್ಳೆಯದು. ವಾಲ್ವ್ ಸೀಟುಗಳ ನಡುವೆ ಬಿರುಕು ಇದೆಯೇ ಎಂದು ಪ್ರೆಷರ್ ಟೆಸ್ಟ್ ಮಾಡಿಸುವುದಕ್ಕೂ ಹೆಡ್ ಲೇತಿಗೆ ಬಂದಾಗಲೇ ಹೇಳಿಬಿಡಿ.

ಹಳೇಎಂಜಿನ್, ಹಾಸನ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಈಗ ಬಿಚ್ಚುವ ಮತ್ತು ಮುಚ್ಚುವ ಕೆಲಸದ ಬಗ್ಗೆ ಬರೆಯುತ್ತೇನೆ.

ಬಿಚ್ಚುವ ಮೊದಲು ಬ್ಯಾಟರಿಯ ತಂತಿ ತೆಗೆದು, ರೇಡಿಯೇಟರಿನ ಕೂಲೆಂಟನ್ನು ಮುಚ್ಚಳವಿರುವ ಡಬ್ಬಿಗೆ ಇಳಿಸಿಕೊಳ್ಳಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ನಾಯಿ, ಬೆಕ್ಕು, ದನಗಳಿಗೆ ವಿಷ. ಅಂಗಳದಲ್ಲಿ ಬೇಸಿನಿನಲ್ಲಿಟ್ಟು ಮರೆಯಬಾರದು. ಕಾರ್ಬ್ಯುರೇಟರಿನ ವ್ಯಾಕ್ಯೂಮ್ ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದರ ಫೋಟೋಗಳನ್ನು ಬೇಕಾದಷ್ಟು ತೆಗೆದುಕೊಂಡು, ಪ್ರತಿ ಪೈಪಿಗೂ ಚೀಟಿ ಅಂಟಿಸಿ. ಬೆಲ್ಟ್ ತೆಗೆಯುವ ಮೊದಲು ಮೊದಲನೆಯ ಸಿಲಿಂಡರಿನ ಪಿಸ್ಟನನ್ನು ಮೇಲ್ತುದಿಗೆ ತಂದು, ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಗುರುತುಗಳು ಸರಿಹೊಂದಿವೆಯೇ ನೋಡಿ. ಡಿಸ್ಟ್ರಿಬ್ಯೂಟರಿನ ರೋಟರ್ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನೂ ಗುರುತು ಮಾಡಿಟ್ಟುಕೊಳ್ಳಿ. ಬೆಲ್ಟ್ ಹಳೆಯದಾಗಿದ್ದರೆ ಅದನ್ನೂ ಈಗಲೇ ಬದಲಿಸಿ.

ಹೆಡ್ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣಿದ ಮೇಲೆಯೇ, ಎರಡು ತುದಿಗಳಿಂದ ನಡುವಿನ ಕಡೆಗೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ತೆಗೆಯಬೇಕು. ಹೆಡ್ ಏಳದಿದ್ದರೆ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಗಾಯವಾಗುತ್ತದೆ. ಮರದ ತುಂಡು ಇಟ್ಟು ಬದಿಯಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ.

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಕೇಳುವುದು ಹಳೆಯ ಗ್ಯಾಸ್ಕೆಟಿನ ಅಂಟು ತೆಗೆಯುವ ಹಂತ. ಹಳೆಯ ಗ್ಯಾಸ್ಕೆಟಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದನ್ನು ಒದ್ದೆ ಮಾಡಿಕೊಂಡೇ ಕೆರೆಯಬೇಕು, ಒಣ ಧೂಳು ಎಬ್ಬಿಸಬಾರದು. ಸಿಲಿಂಡರುಗಳಿಗೂ ಆಯಿಲ್ ದಾರಿಗಳಿಗೂ ಶುದ್ಧ ಬಟ್ಟೆ ತುರುಕಿ, ಗಟ್ಟಿ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಪಟ್ಟಿಯಿಂದ ಕೆರೆಯಿರಿ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುಗಾಗದದ ಬಿಲ್ಲೆಗಳಿಂದ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಅವು ಮೇಲ್ಮೈಯಲ್ಲಿ ತಗ್ಗು ಮಾಡುತ್ತವೆ. ಅವುಗಳಿಂದ ಉದುರಿದ ಮರಳಿನಂಥ ಕಣಗಳು ಆಯಿಲಿನೊಳಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತವೆ. ಬೋಲ್ಟಿನ ರಂಧ್ರಗಳಲ್ಲಿ ನೀರು, ಆಯಿಲ್ ಉಳಿಯದಂತೆ ಬಟ್ಟೆಯಿಂದಲೂ ಗಾಳಿಯಿಂದಲೂ ಒಣಗಿಸಿ. ರಂಧ್ರದ ತಳದಲ್ಲಿ ದ್ರವ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿರುವುದಿಲ್ಲ. ಬಿಗಿ ಆದಂತೆ ತೋರಿದರೂ ಹೆಡ್ ಕೂತಿರುವುದಿಲ್ಲ, ಕೆಲವೊಮ್ಮೆ ಬ್ಲಾಕೇ ಬಿರುಕು ಬಿಡುತ್ತದೆ.

ಹೊಸ ಗ್ಯಾಸ್ಕೆಟಿನ ಮೇಲೆ ಯಾವ ಮುಖ ಮೇಲೆ ಬರಬೇಕೆಂಬ ಗುರುತು ಇರುತ್ತದೆ. ಆಯಿಲ್ ಹೋಗುವ ರಂಧ್ರ ಬ್ಲಾಕಿನ ರಂಧ್ರದ ಮೇಲೆಯೇ ಕೂರುತ್ತದೆಯೇ ಎಂದೂ ನೋಡಿ. ತಯಾರಕರು ಹೇಳದ ಹೊರತು ಅದಕ್ಕೆ ಯಾವ ಅಂಟನ್ನೂ ಸವರಬೇಡಿ.

ತುಂಗಾತೀರ, ಕೊಪ್ಪ

ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ನನ್ನಲ್ಲಿಲ್ಲ. ಗ್ಯಾರೇಜುಗಳಲ್ಲಿ ಕೈಯ ಅಂದಾಜಿನಲ್ಲೇ ಬಿಗಿಯುವುದನ್ನು ನೋಡಿದ್ದೇನೆ. ಅದು ನಡೆಯುತ್ತದೆಯೇ ಸರ್?

ಹಳೇಎಂಜಿನ್, ಹಾಸನ

ಇದೊಂದರಲ್ಲಿ ರಾಜಿ ಬೇಡ, ಬಾಡಿಗೆಗಾದರೂ ತನ್ನಿ. ಬೋಲ್ಟಿಗೆ ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಎಳೆಗಳ ಮತ್ತು ತಲೆಯ ಕೆಳಗಿನ ಘರ್ಷಣೆಗೇ ಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹೆಡ್ಡನ್ನು ಒತ್ತುತ್ತದೆ. ತುಕ್ಕು ಹಿಡಿದ ಒಂದು ಬೋಲ್ಟಿಗೂ ಶುಚಿಯಾದ ಇನ್ನೊಂದಕ್ಕೂ ಕೈಗೆ ಒಂದೇ ಬಿಗಿ ಎನಿಸಿದರೂ ಒತ್ತುವ ಬಲ ಬಹಳ ಬೇರೆಯಾಗಿರುತ್ತದೆ. ಆದ್ದರಿಂದಲೇ ಎಳೆಗಳನ್ನು ತಂತಿ ಬ್ರಷ್ಷಿನಿಂದ ಶುಚಿ ಮಾಡಬೇಕು. ಆಯಿಲ್ ಸವರಬೇಕೋ ಬೇಡವೋ ಎಂಬುದನ್ನು ಸರ್ವಿಸ್ ಮ್ಯಾನ್ಯುಯಲ್ ಹೇಳಿದಂತೆ ಮಾಡಬೇಕು.

ಅಂಕಿಯನ್ನೂ ನಿಮ್ಮ ಮಾದರಿಯ ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊಳ್ಳಿ. ಹಳೆಯ ಪುಸ್ತಕಗಳಲ್ಲಿ ಕಿಲೋಗ್ರಾಂ-ಮೀಟರಿನಲ್ಲಿ ಇರುತ್ತದೆ, ಈಗಿನ ರೆಂಚುಗಳಲ್ಲಿ ನ್ಯೂಟನ್-ಮೀಟರ್. ಒಂದು ಕಿಲೋಗ್ರಾಂ-ಮೀಟರ್ ಎಂದರೆ 9.8 ನ್ಯೂಟನ್-ಮೀಟರ್. ರೆಂಚಿನಲ್ಲಿ ಅಡಿ-ಪೌಂಡಿನ ಸಾಲೂ ಇರುತ್ತದೆ, ಅದನ್ನು ನೋಡಿ ಬಿಗಿದು ಬೋಲ್ಟ್ ಮುರಿದುಕೊಂಡವರಿದ್ದಾರೆ. ನಡುವಿನ ಬೋಲ್ಟಿನಿಂದ ಆರಂಭಿಸಿ ಹೊರಗಿನವುಗಳ ಕಡೆಗೆ ಹೋಗುತ್ತ, ಎರಡು ಮೂರು ಸುತ್ತುಗಳಲ್ಲಿ ಹಂತಹಂತವಾಗಿ ಏರಿಸಿ. ಕೊನೆಯ ಸುತ್ತಿನಲ್ಲಿ ರೆಂಚನ್ನು ಜಗ್ಗದೆ ಒಂದೇ ಸಮನೆ ಎಳೆಯಿರಿ.

ಬೆಲ್ಟ್ ಹಾಕಿದ ಮೇಲೆ ಸ್ಪಾರ್ಕ್ ಪ್ಲಗ್ ಇಲ್ಲದೆ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಗುರುತುಗಳು ಮತ್ತೆ ಹೊಂದಿಕೊಂಡರೆ ಮಾತ್ರ ಸೆಲ್ಫ್ ಹೊಡೆಯಬೇಕು. ಟ್ಯಾಪೆಟ್ ಅಂತರವನ್ನು (ರಾಕರಿಗೂ ವಾಲ್ವಿಗೂ ನಡುವಿನ ಸಣ್ಣ ಸಂದು) ಮರೆಯದೆ ಹೊಂದಿಸಿ.

ಗಾಳಿಬೆಲ್ಟ್, ಬೆಂಗಳೂರು

ನಾನು ಒಂದೇ ವಿಷಯ ಸೇರಿಸುತ್ತೇನೆ. ಗ್ಯಾಸ್ಕೆಟ್ ತಾನಾಗಿ ಹೋಗುವುದು ಅಪರೂಪ. ನಿಮ್ಮ ಗಾಡಿ ಘಾಟಿಯಲ್ಲಿ ಏಕೆ ಕಾದಿತು ಎಂಬುದು ತಿಳಿಯದೆ ಹೆಡ್ ಮುಚ್ಚಿದರೆ, ಮುಂದಿನ ಸಲ ಉಡುಪಿಗೆ ಹೋದಾಗ ಹೊಸ ಗ್ಯಾಸ್ಕೆಟಿಗೂ ಅದೇ ಗತಿ.

ಘಾಟಿಯಲ್ಲಿ ಫಸ್ಟ್ ಗೇರಿನಲ್ಲಿ ಹತ್ತುವಾಗ ಎದುರುಗಾಳಿ ಇಲ್ಲ, ಎಂಜಿನಿನ ಮೇಲೆ ಭಾರ ಪೂರ್ತಿ ಇದೆ. ಆಗ ರೇಡಿಯೇಟರಿನ ಹಿಂದಿನ ಎಲೆಕ್ಟ್ರಿಕ್ ಫ್ಯಾನ್ ತಿರುಗಲೇಬೇಕು. ಅದರ ಥರ್ಮೋ ಸ್ವಿಚ್ಚಿನ ವಯರುಗಳನ್ನು ಜೋಡಿಸಿ ನೋಡಿ, ಫ್ಯಾನ್ ತಿರುಗಿದರೆ ಮೋಟಾರ್ ಸರಿಯಿದೆ, ಸಂಶಯ ಸ್ವಿಚ್ಚಿನ ಮೇಲೆ. ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟನ್ನು ಕುದಿಯುವ ನೀರಿನಲ್ಲಿ ಹಾಕಿ ತೆರೆಯುತ್ತದೆಯೇ ನೋಡಿ. ನಮ್ಮ ಊರುಗಳು ಬೆಚ್ಚಗಿವೆ, ಅದು ಬೇಡ ಎಂದು ಕಿತ್ತು ಬಿಸಾಡುವ ರೂಢಿಯಿದೆ, ಅದು ತಪ್ಪು. ಎಂಜಿನ್ ಸದಾ ತಣ್ಣಗೆ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲಿನ ತೇವವೂ ಹೋಗುವುದಿಲ್ಲ. ವಾಟರ್ ಪಂಪಿನ ಎಲೆಗಳು ತುಕ್ಕು ಹಿಡಿದು ಸವೆದಿವೆಯೇ ಎಂಬುದನ್ನು ಬೆಲ್ಟ್ ಬಿಚ್ಚಿರುವಾಗಲೇ ಪರೀಕ್ಷಿಸಿ.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಮುಚ್ಚಳದ ಮೇಲೆ ಒತ್ತಡದ ಅಂಕಿ 0.9 ಎಂದಿದ್ದರೆ, ಅದು ಅಷ್ಟು ಒತ್ತಡವನ್ನು ಹಿಡಿದಿಟ್ಟು ಬರೀ ನೀರೂ 117 ಡಿಗ್ರಿಯ ಸುತ್ತಮುತ್ತ ಬರುವ ತನಕ ಕುದಿಯದಂತೆ ನೋಡಿಕೊಳ್ಳುತ್ತದೆ. ರಬ್ಬರ್ ಒಣಗಿ ಸ್ಪ್ರಿಂಗ್ ಸಡಿಲವಾದ ಮುಚ್ಚಳದಲ್ಲಿ ಈ ಅನುಕೂಲವೆಲ್ಲ ಹೋಗುತ್ತದೆ. ಹೊಸದಕ್ಕೆ ಹೆಚ್ಚು ಬೆಲೆಯಿಲ್ಲ, ನೋಡದೆಯೇ ಬದಲಿಸಿ. ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳನ್ನು ಹಾಕಬೇಡಿ. ಅವು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಹಾಕುತ್ತವೆ.

ತುಂಗಾತೀರ, ಕೊಪ್ಪ

ಹೆಡ್ ಇಳಿಸಿದೆ. ಎರಡು ಮತ್ತು ಮೂರರ ನಡುವೆ ಗ್ಯಾಸ್ಕೆಟ್ ಸುಟ್ಟು ಕಪ್ಪಾಗಿದೆ, ಮೂರನೆಯದರ ಪಕ್ಕದ ನೀರಿನ ರಂಧ್ರದ ತನಕ ಗೆರೆ ಹೋಗಿದೆ. ಬ್ಲಾಕ್ ಸಮವಾಗಿದೆ, ಹೆಡ್ಡಿನಲ್ಲಿ ಓರೆಯಾಗಿ ಇಟ್ಟಾಗ 0.10ರ ಎಲೆಯೂ ನುಗ್ಗಿತು. ಕ್ಯಾಮ್‌ಶಾಫ್ಟ್ ಸಲೀಸಾಗಿ ತಿರುಗುತ್ತದೆ. ಫ್ಯಾನಿನ ವಯರುಗಳನ್ನು ಜೋಡಿಸಿದಾಗ ಫ್ಯಾನ್ ತಿರುಗಿತು, ಹಾಗಾಗಿ ಸ್ವಿಚ್ ಹೊಸದು ತರಿಸುತ್ತಿದ್ದೇನೆ. ಹೆಡ್ ನಾಳೆ ಶಿವಮೊಗ್ಗಕ್ಕೆ ಹೋಗುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಏನು ಗಮನಿಸಬೇಕು?

ಹಳೇಎಂಜಿನ್, ಹಾಸನ

ಆಯಿಲನ್ನೂ ಫಿಲ್ಟರನ್ನೂ ಹೊಸದಾಗಿ ಹಾಕಿಯೇ ಸ್ಟಾರ್ಟ್ ಮಾಡಿ, ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಿ. ಎಷ್ಟೇ ಜಾಗ್ರತೆ ವಹಿಸಿದರೂ ಸ್ವಲ್ಪ ಕೂಲೆಂಟ್ ಒಳಗೆ ಬಿದ್ದೇ ಇರುತ್ತದೆ. ಕೂಲೆಂಟನ್ನು ನಿಧಾನವಾಗಿ ತುಂಬಿ, ಹೀಟರ್ ಇದ್ದರೆ ಬಿಸಿಯ ಕಡೆಗೆ ತಿರುಗಿಸಿ, ತಣ್ಣನೆಯ ಎಂಜಿನನ್ನು ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾದಾಗ ನೀರಿನ ಮಟ್ಟ ಇಳಿಯುತ್ತದೆ. ಆಗ ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಿ. ನೀರು ಉಕ್ಕಿ ಬರುವಂತಿದ್ದರೆ ಎಂಜಿನ್ ಆಫ್ ಮಾಡಿ ದೂರ ನಿಲ್ಲಿ. ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಲ್ಲುವ ತನಕ ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆಯಬೇಡಿ. ಮೊದಲ ಕೆಲವು ದಿನ ಬೆಳಿಗ್ಗೆ ತಣ್ಣಗಿರುವಾಗ ನೀರಿನ ಮಟ್ಟ ನೋಡುತ್ತಿರಿ. ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕೇ ಎಂಬುದು ನೀವು ತಂದಿರುವ ಗ್ಯಾಸ್ಕೆಟಿನ ಪೊಟ್ಟಣದ ಮೇಲೆಯೇ ಬರೆದಿರುತ್ತದೆ, ಅದನ್ನು ಓದುವ ತನಕ ಪೊಟ್ಟಣವನ್ನು ಎಸೆಯಬೇಡಿ.