ಡಿಸೆಂಬರ್ ರಜೆಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ: ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ಏನೇನು ತೋರಿಸಬಹುದು?

ಪ್ರಶ್ನೆ: ಬಟವಾಡಿ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಬಟವಾಡಿಯವರು. ಮನೆಯಲ್ಲಿ ನಾನು, ನನ್ನ ಪತ್ನಿ, ಏಳನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ ಮತ್ತು ಮಂಡಿನೋವಿನಿಂದ ಹೆಚ್ಚು ದೂರ ನಡೆಯಲಾಗದ ನನ್ನ ತಾಯಿ ಇದ್ದೇವೆ. ಮಕ್ಕಳ ಶಾಲೆಗೆ ಡಿಸೆಂಬರ್ 24ರಿಂದ ಜನವರಿ 1ರವರೆಗೆ ರಜೆ ಕೊಟ್ಟಿದ್ದಾರೆ. ಈ ರಜೆಯಲ್ಲಿ ಎರಡು ದಿನವಾದರೂ ಬೆಂಗಳೂರಿಗೆ ಕರೆದುಕೊಂಡು ಹೋಗುವುದಾಗಿ ಮಕ್ಕಳಿಗೆ ಮಾತು ಕೊಟ್ಟಿದ್ದೇನೆ.

ಕಳೆದ ವರ್ಷ ಇದೇ ರಜೆಯಲ್ಲಿ ನಗರದ ಹೊರವಲಯದ ಮನರಂಜನಾ ಉದ್ಯಾನವೊಂದಕ್ಕೆ ಹೋಗಿದ್ದೆವು. ಬಾಡಿಗೆ ಕಾರು, ಪ್ರವೇಶ ಚೀಟಿ, ಒಳಗಿನ ಊಟ ಎಲ್ಲವೂ ಸೇರಿ ಒಂದೇ ದಿನಕ್ಕೆ ಒಂಬತ್ತು ಸಾವಿರ ರೂಪಾಯಿ ಕೈಬಿಟ್ಟಿತು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಪಾತಿ ಬುತ್ತಿಯನ್ನು ಬಾಗಿಲಲ್ಲೇ ತೆಗೆದಿರಿಸಿಕೊಂಡರು. ಮಗ ಒಂದು ಆಟಕ್ಕಾಗಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಕೊನೆಗೆ ಅವನ ಸರದಿ ಬಂದಾಗ ಗೋಡೆಯ ಮೇಲಿನ ಗೆರೆಗೆ ಎರಡು ಬೆರಳಿನಷ್ಟು ಎತ್ತರ ಸಾಲದೆಂದು ಹಿಂದಕ್ಕೆ ಕಳುಹಿಸಿದರು. ಅವನು ಅಳಲಿಲ್ಲ, ಆದರೆ ಮನೆಗೆ ಬರುವವರೆಗೂ ಮಾತನಾಡಲಿಲ್ಲ. ಆ ದಿನ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಈ ಸಲ ದಿನವೊಂದಕ್ಕೆ ಸಾವಿರ ರೂಪಾಯಿ ಮೀರಬಾರದು, ಬೆಳಿಗ್ಗೆ ಹೊರಟು ರಾತ್ರಿ ಒಂಬತ್ತರೊಳಗೆ ಮನೆ ಸೇರಬೇಕು, ತಾಯಿಯವರೂ ಜೊತೆಗಿರಬೇಕು. ಬೆಂಗಳೂರಿನಲ್ಲಿ ಚಳಿಗಾಲಕ್ಕೆಂದೇ ನಡೆಯುವ ಸಾರ್ವಜನಿಕ ಕಾರ್ಯಕ್ರಮಗಳೂ ಉಂಟೆಂದು ಕೇಳಿದ್ದೇನೆ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕ್ಯಾತ್ಸಂದ್ರದ ನಿವೃತ್ತ ಶಿಕ್ಷಕ

ನಾನು ಶಾಲೆಯಲ್ಲಿದ್ದ ಅಷ್ಟೂ ವರ್ಷ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದವನು. ಈಗ ಮೊಮ್ಮಕ್ಕಳನ್ನು ಕರೆದೊಯ್ಯುತ್ತೇನೆ. ನನ್ನ ಅನುಭವದಲ್ಲಿ ಬೆಂಗಳೂರಿನ ಒಳ್ಳೆಯ ಜಾಗಗಳಿಗೆ ಹಣ ಹೆಚ್ಚು ಬೇಕಾಗಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಅಡ್ಡಾದಿಡ್ಡಿಯಾಗಿ ಓಡಾಡುವಾಗ ಆಟೊ ಮತ್ತು ಹೋಟೆಲಿಗೆ ಹಣ ಸೋರಿಹೋಗುತ್ತದೆ. ಆದ್ದರಿಂದ ಒಂದು ದಿನಕ್ಕೆ ಒಂದೇ ದಿಕ್ಕನ್ನು ಇಟ್ಟುಕೊಳ್ಳಿ.

ಮೊದಲು ಪ್ರಯಾಣದ ಮಾತು. ಶಕ್ತಿ ಯೋಜನೆಯಿಂದಾಗಿ ನಿಮ್ಮ ತಾಯಿ, ಪತ್ನಿ ಮತ್ತು ಮಗಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ನಿಮಗೊಂದು ಪೂರ್ಣ ಟಿಕೆಟ್, ಮಗನಿಗೆ ಅರ್ಧ ಟಿಕೆಟ್, ಅಷ್ಟೇ. ಆಧಾರ್ ಚೀಟಿ ಮಾತ್ರ ಕೈಯಲ್ಲಿರಲಿ. ಹಸಿರು ಮಾರ್ಗದ ಮೆಟ್ರೊ ಈಗ ತುಮಕೂರು ರಸ್ತೆಯ ಮಾದಾವರದವರೆಗೂ ಬಂದಿರುವುದರಿಂದ ನಗರದ ವಾಹನದಟ್ಟಣೆಯೊಳಗೆ ಬಸ್ಸು ನುಗ್ಗುವ ಮೊದಲೇ ಇಳಿದು ಮೆಟ್ರೊ ಹಿಡಿಯಬಹುದು. ಆದರೆ ಒಂದು ಎಚ್ಚರಿಕೆ ಬೇಕು: ಕೆಲವು ಬಸ್ಸುಗಳು ನಾಗಸಂದ್ರದ ಬಳಿ ಮೇಲ್ಸೇತುವೆ ಹತ್ತಿದರೆ ಗೊರಗುಂಟೆಪಾಳ್ಯದವರೆಗೂ ಕೆಳಗಿಳಿಯುವುದಿಲ್ಲ. ಎಲ್ಲಿ ನಿಲ್ಲಿಸುತ್ತಾರೆ ಎಂದು ಹತ್ತುವಾಗಲೇ ನಿರ್ವಾಹಕರನ್ನು ಕೇಳಿಕೊಳ್ಳಿ. ತಾಯಿಯವರಿಗೆ ಕಾಲು ಚಾಚಿ ಕೂರುವ ಅನುಕೂಲ ಬೇಕೆಂದಾದರೆ ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿಯಿರಿ. ಅಲ್ಲಿಂದಲೂ ಅದೇ ಹಸಿರು ಮಾರ್ಗದ ಮೆಟ್ರೊ ಸಿಗುತ್ತದೆ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಮೆಟ್ಟಿಲಿನ ಚಿಂತೆಯಿಲ್ಲ.

ಮೊದಲ ದಿನ ಲಾಲ್‌ಬಾಗ್‌ನಿಂದ ಬಸವನಗುಡಿಯವರೆಗೆ ನೋಡಿ. ಲಾಲ್‌ಬಾಗ್ ನಿಲ್ದಾಣ ಹಸಿರು ಮಾರ್ಗದಲ್ಲೇ ಇರುವುದರಿಂದ ಎಲ್ಲಿಯೂ ಬದಲಾಯಿಸಬೇಕಾಗಿಲ್ಲ, ಇಳಿದರೆ ತೋಟದ ಪಶ್ಚಿಮ ದ್ವಾರ ಹತ್ತಿರದಲ್ಲೇ ಸಿಗುತ್ತದೆ. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ, 1889ರ ಗಾಜಿನ ಮನೆ ಇವೆಲ್ಲವನ್ನೂ ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ. ನಾನು ಮಾತ್ರ ಅವರನ್ನು ಮೊದಲು ಬಂಡೆಯ ಮೇಲಕ್ಕೆ ಕರೆದೊಯ್ಯುತ್ತೇನೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಡಿಸೆಂಬರಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಂಡೆ ಇನ್ನೂ ತಣ್ಣಗಿರುತ್ತದೆ. ಬರಿಗಾಲಿನಲ್ಲಿ ನಿಂತು ನೋಡಲು ಮಕ್ಕಳಿಗೆ ಹೇಳಿ. ಬಿಳಿ, ಬೂದು, ಕಪ್ಪು ಪಟ್ಟೆಗಳು ಸೀರೆಯ ನೆರಿಗೆಯಂತೆ ಮಡಿಸಿಕೊಂಡು ಹೋಗಿರುವುದು ಬಗ್ಗಿ ನೋಡಿದರೆ ಕಾಣುತ್ತದೆ. ಒಮ್ಮೆ ನಮ್ಮ ಶಾಲೆಯ ಹುಡುಗನೊಬ್ಬ ಆ ಪಟ್ಟೆಯ ಮೇಲೆ ಬೆರಳಿಟ್ಟುಕೊಂಡು ಬಂಡೆಯ ಉದ್ದಕ್ಕೂ ಕುಕ್ಕರುಗಾಲಿನಲ್ಲಿ ಸಾಗಿದ್ದನ್ನು ಕಂಡಿದ್ದೇನೆ. ಅರ್ಧ ಗಂಟೆ ಅವನನ್ನು ಯಾರೂ ಎಬ್ಬಿಸಲಾಗಲಿಲ್ಲ. ತಾಯಿಯವರು ಕೆಳಗೆ ಮರದ ನೆರಳಿನ ಬೆಂಚಿನಲ್ಲಿ ಕುಳಿತಿರಬಹುದು. ತೋಟ ಸುತ್ತಲು ಬ್ಯಾಟರಿ ಗಾಡಿಗಳಿವೆ, ಅದಕ್ಕೆ ಬೇರೆ ಶುಲ್ಕ ಕೊಡಬೇಕು.

ಮಧ್ಯಾಹ್ನದ ಬಳಿಕ ಮೆಟ್ರೊದಲ್ಲಿ ಒಂದು ನಿಲ್ದಾಣ ಹಿಂದಕ್ಕೆ ಬಂದು ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಗಾಂಧಿ ಬಜಾರ್, ದೊಡ್ಡ ಗಣಪತಿ, ಏಕಶಿಲೆಯ ದೊಡ್ಡ ಬಸವಣ್ಣ, ಪಕ್ಕದ ಬ್ಯೂಗಲ್ ರಾಕ್ ಉದ್ಯಾನ ಎಲ್ಲವೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಈ ಒಂದು ಕಡೆ ತಾಯಿಯವರಿಗಾಗಿ ಆಟೊ ಮಾಡಿಕೊಳ್ಳಿ. ಬುತ್ತಿಯನ್ನು ಉದ್ಯಾನಗಳೊಳಗೆ ಬಿಚ್ಚುವುದು ಬೇಡ, ಸ್ವಚ್ಛತೆಯ ವಿಷಯದಲ್ಲಿ ಈಗ ಬಿಗಿಯಾಗಿದ್ದಾರೆ. ಬೆಳಗಿನ ತಿಂಡಿಯನ್ನು ರೈಲಿನಲ್ಲೇ ಮುಗಿಸಿ, ಸಂಜೆ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಏನಾದರೂ ತಿನ್ನಿ. ಇದು ಅವರೆಕಾಯಿಯ ಕಾಲ. ಸೊಗಡಿನ ಅವರೆಯ ದೋಸೆ, ಹಿತಕಿದ ಬೇಳೆಯ ತಿನಿಸುಗಳು ಅಲ್ಲಿ ಸಿಗುತ್ತವೆ, ಐದು ಜನರಿಗೆ ದೊಡ್ಡ ಹೋಟೆಲಿನ ಅರ್ಧ ಖರ್ಚೂ ಆಗುವುದಿಲ್ಲ.

ಎರಡನೆಯ ದಿನ ಕಬ್ಬನ್ ಪಾರ್ಕಿನ ಸುತ್ತಮುತ್ತ ಇರಲಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಮಾದರಿ ಅಲ್ಲಿದೆ. ಅಲ್ಲಿ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವ ಯಂತ್ರಗಳೇ ಹೆಚ್ಚು. ಎತ್ತರದ ಗೆರೆ ಎಳೆದು ಮಗುವನ್ನು ಹಿಂದಕ್ಕೆ ಕಳುಹಿಸುವವರು ಅಲ್ಲಿ ಇಲ್ಲವೆಂದು ನಿಮ್ಮ ಮಗನಿಗೆ ಹೇಳಿ. ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡದಲ್ಲೇ ಪ್ರದರ್ಶನಗಳಿವೆ, ಸೋಮವಾರ ರಜೆ. ತಲೆ ಹಿಂದಕ್ಕೆ ಒರಗಿಸಿ ಕುಳಿತು ನೋಡುವುದಾದ್ದರಿಂದ ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಡಿಸೆಂಬರ್ 25 ಮತ್ತು 31 ಈ ಎರಡು ದಿನ ಬಿಟ್ಟುಬಿಡಿ. 31ರ ಸಂಜೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಕಡೆಗೆ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದೊಯ್ಯಲೇಬಾರದು; ಜನಸಂದಣಿಯಿಂದಾಗಿ ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣವನ್ನೇ ಆ ರಾತ್ರಿ ಮುಚ್ಚುವುದುಂಟು.

ಉತ್ತರ 2: ಗುಬ್ಬಿ ಗೇಟಿನ ಓದುಗಿ

ಹಿರಿಯರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ನಿಮ್ಮ ಎರಡು ದಿನಗಳಲ್ಲಿ ಒಂದನ್ನು ಉಳಿಸಿಕೊಂಡು, ಜನವರಿಯ ಮೊದಲ ಭಾನುವಾರಕ್ಕೆ ಹೊಂದಿಸಿಕೊಳ್ಳಿ ಎನ್ನುವುದು ನನ್ನ ಒತ್ತಾಯದ ಮಾತು. ಸಾಮಾನ್ಯವಾಗಿ ಆ ಭಾನುವಾರವೇ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಹೊರಡುವ ಮೊದಲು ಪತ್ರಿಕೆಯಲ್ಲಿ ದಿನಾಂಕ ಖಚಿತಪಡಿಸಿಕೊಳ್ಳಿ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಡೆದುಬಂದಿರುವ ಸಂತೆ ಇದು. ಕುಮಾರಕೃಪಾ ರಸ್ತೆಗೆ ವಾಹನಗಳನ್ನು ಬಿಡದೆ, ರಸ್ತೆಯ ಎರಡೂ ಬದಿಯಲ್ಲಿ ನಾಡಿನ ಹಾಗೂ ಹೊರರಾಜ್ಯಗಳ ಕಲಾವಿದರು ತಮ್ಮ ಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ. ಪ್ರವೇಶಕ್ಕೆ ಹಣವಿಲ್ಲ. ನೂರು ರೂಪಾಯಿಯ ಚಿಕ್ಕ ಚಿತ್ರದ ಪಕ್ಕದಲ್ಲೇ ಲಕ್ಷದ ಚಿತ್ರವೂ ಇರುತ್ತದೆ, ಎರಡನ್ನೂ ನೋಡುತ್ತ ನಿಲ್ಲುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ಮಗಳನ್ನು ಕರೆದೊಯ್ದಿದ್ದೆ. ಆಗ ಅವಳಿಗೂ ನಿಮ್ಮ ಮಗಳ ವಯಸ್ಸು. ಒಬ್ಬ ವಯಸ್ಸಾದ ಕಲಾವಿದರು ಮಡಿಚುವ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಇದ್ದಿಲಿನ ಕಡ್ಡಿಯಿಂದ ಮುಖಚಿತ್ರ ಬರೆಯತೊಡಗಿದರು. ಮೊದಲು ಎರಡು ಹುಬ್ಬು, ಆಮೇಲೆ ಮೂಗಿನ ನೆರಳು, ಕಿರುಬೆರಳಿನಿಂದ ಉಜ್ಜಿ ಕೆನ್ನೆ. ಹತ್ತು ನಿಮಿಷದೊಳಗೆ ಕಾಗದದ ಮೇಲೆ ಅವಳು ಮೂಡಿದಳು. ಹಿಂದೆ ನಿಂತಿದ್ದ ಅಪರಿಚಿತರೆಲ್ಲ ಒಮ್ಮೆ ಕಾಗದವನ್ನು, ಒಮ್ಮೆ ಅವಳನ್ನು ನೋಡಿ ತಲೆದೂಗುತ್ತಿದ್ದರು. ಕಲಾವಿದರು ಉಳಿದ ಇದ್ದಿಲ ತುಂಡನ್ನು ಅವಳ ಕೈಗೇ ಕೊಟ್ಟು ಕಳುಹಿಸಿದರು. ಆ ತುಂಡು ಸವೆದುಹೋಗುವವರೆಗೂ ನಮ್ಮ ಮನೆಯ ಹಳೆಯ ಕ್ಯಾಲೆಂಡರುಗಳ ಹಿಂಬದಿಯೆಲ್ಲ ಮುಖಗಳಿಂದ ತುಂಬಿಹೋಗಿತ್ತು.

ಹನ್ನೊಂದು ಗಂಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಒಂಬತ್ತೂವರೆಗೆ ಅಲ್ಲಿರಬೇಕು. ನಿಮ್ಮ ತಾಯಿಯವರಿಗೆ ಈ ನೂಕುನುಗ್ಗಲು ಒಳ್ಳೆಯದಲ್ಲ ಎಂಬುದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನವೂ ಜನವರಿಯಲ್ಲೇ ಬರುತ್ತದೆ. ಅದಕ್ಕೆ ಹೋಗುವುದಾದರೆ ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ.

ಉತ್ತರ 3: ಪಾವಗಡದ ರೈತ

ಈ ಸಲ ನಿಮಗೆ ತಪ್ಪಿಹೋಗಿದೆ, ಆದರೆ ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಿ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುತ್ತದೆ. ಹೊಲಕ್ಕೆ ನುಗ್ಗಿ ಬೆಳೆ ತಿನ್ನುತ್ತಿದ್ದ ಬಸವನಿಗೆ ಮೊದಲ ಫಸಲನ್ನು ಒಪ್ಪಿಸುತ್ತೇವೆಂದು ಅಲ್ಲಿನ ಹಳ್ಳಿಗಳ ರೈತರು ಹರಕೆ ಹೊತ್ತರೆಂಬ ಕಥೆ ನಿಮಗೆ ಗೊತ್ತಿರಬಹುದು. ನಮ್ಮ ಸೀಮೆಯ ಕಾಯಿಯೂ, ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿಯ ಕಾಯಿಯೂ ಅಲ್ಲಿಗೆ ಬರುತ್ತವೆ. ನಾನೂ ಕೆಲವು ವರ್ಷ ಮೂಟೆ ಹೊತ್ತು ಹೋಗಿ ಆ ರಸ್ತೆಯ ಬದಿಯಲ್ಲಿ ರಾತ್ರಿ ಕಳೆದಿದ್ದೇನೆ.

ಮಕ್ಕಳಿಗೆ ತೋರಿಸಬೇಕಾದದ್ದು ಹುರಿಯುವ ಒಲೆ. ಬಾಂಡಲೆಯ ಮರಳು ಕಾದ ಮೇಲೆ ಕಾಯಿ ಸುರಿದು ಜಾಲರಿ ಸೌಟಿನಿಂದ ಮಗುಚುತ್ತಾರೆ. ಸಿಪ್ಪೆ ಚಟಪಟ ಅನ್ನತೊಡಗಿ ಹಸಿ ವಾಸನೆ ಹೋಗುವ ಕ್ಷಣ ಗೊತ್ತಾಗಬೇಕು, ಒಂದು ನಿಮಿಷ ತಡವಾದರೆ ಬೀಜ ಕಹಿಯಾಗುತ್ತದೆ. ಕೊಳ್ಳುವಾಗ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ: ಹಸಿಕಾಯಿ ಸದ್ದು ಮಾಡುವುದಿಲ್ಲ, ಒಣಗಿದ್ದು ಗಲಗಲ ಅನ್ನುತ್ತದೆ. ಬೇಯಿಸಲು ಹಸಿಯದು, ಇಡಲು ಒಣಗಿದ್ದು ತೆಗೆದುಕೊಳ್ಳಬೇಕು. ಸೇರಿನ ಲೆಕ್ಕದಲ್ಲಿ ಕೊಡುತ್ತಾರೆ. ಸಂಜೆಗಿಂತ ಬೆಳಗಿನ ಹೊತ್ತು ಹೋದರೆ ರೈತರ ಜೊತೆ ಮಾತನಾಡುವುದಕ್ಕೂ ಬಿಡುವು ಸಿಗುತ್ತದೆ.

ಉತ್ತರ 4: ಸೋಮೇಶ್ವರಪುರಂ ನಿವಾಸಿ

ಎಲ್ಲ ದಿನವೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಹಾನಗರದಲ್ಲಿ ಮಕ್ಕಳಿಗೆ ನಾಟಕ ತೋರಿಸಬೇಕೆಂದರೆ ಜೆ.ಪಿ. ನಗರದ ರಂಗಶಂಕರ ಖಂಡಿತ ಒಳ್ಳೆಯದು, ಆದರೆ ರಾತ್ರಿ ಏಳೂವರೆಯ ಪ್ರದರ್ಶನ ನೋಡಿ ನೀವು ಒಂಬತ್ತರೊಳಗೆ ಬಟವಾಡಿ ಸೇರಲಾರಿರಿ, ತಡವಾಗಿ ಹೋದರೆ ಒಳಗೆ ಬಿಡುವುದೂ ಇಲ್ಲ. ಗುಬ್ಬಿ ವೀರಣ್ಣನವರನ್ನು ಕೊಟ್ಟ ಜಿಲ್ಲೆ ನಮ್ಮದು. ಅವರ ಹೆಸರಿನ ಕಲಾಕ್ಷೇತ್ರ ನಮ್ಮ ಊರಿನಲ್ಲೇ ಇದೆ, ಅಲ್ಲಿ ಉಚಿತ ಪ್ರವೇಶದ ನಾಟಕ, ಸಂಗೀತದ ಕಾರ್ಯಕ್ರಮಗಳು ಚಳಿಗಾಲದಲ್ಲಿ ಮೇಲಿಂದ ಮೇಲೆ ನಡೆಯುತ್ತವೆ. ನಿಮ್ಮ ತಾಯಿಯವರು ಆಟೊದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂರಬಹುದು.

ನಮ್ಮ ಬೀದಿಯಲ್ಲಿ ಮೂರು ವರ್ಷಗಳಿಂದ ರಜೆಯ ಒಂದು ಸಂಜೆ ಮನೆಗಳವರೆಲ್ಲ ಸೇರಿ ಮಕ್ಕಳ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ ಬದಲಾಯಿಸಿಕೊಳ್ಳುತ್ತೇವೆ. ಒಂದು ಪುಸ್ತಕ ತಂದ ಮಗು ಇನ್ನೊಂದನ್ನು ಒಯ್ಯುತ್ತದೆ. ಎದುರು ಮನೆಯ ಅಜ್ಜಿಯೊಬ್ಬರು ಪ್ರತಿ ಸಲ ಒಗಟು ಹಾಕುತ್ತಾರೆ, ಮಕ್ಕಳು ಕದಲದೆ ಕೂರುವುದು ಅವರ ಮುಂದೆಯೇ. ಒಟ್ಟು ಖರ್ಚು ಕಡಲೆಪುರಿ ಮತ್ತು ಚಹಾಕ್ಕೆ ಆಗುವಷ್ಟು. ಬಟವಾಡಿಯಲ್ಲಿ ನೀವೂ ಆರಂಭಿಸುವುದಾದರೆ ಮೊದಲ ಸಂಜೆಗೆ ನಮ್ಮಲ್ಲಿ ಹೆಚ್ಚಾಗಿರುವ ನಲವತ್ತು ಪುಸ್ತಕಗಳನ್ನು ತಂದುಕೊಡುತ್ತೇನೆ.

ಪ್ರಶ್ನೆ ಕೇಳಿದವರಿಂದ: ಬಟವಾಡಿ ನಿವಾಸಿ

ಎಲ್ಲರ ಉತ್ತರಗಳನ್ನೂ ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಡಿಸೆಂಬರ್ 27ಕ್ಕೆ ರೈಲಿನಲ್ಲಿ ಐವರೂ ಲಾಲ್‌ಬಾಗಿಗೆ ಹೋಗುವುದೆಂದೂ, ಗುಬ್ಬಿ ಗೇಟಿನ ಸಹೋದರಿ ಹೇಳಿದಂತೆ ಚಿತ್ರಸಂತೆಗೆ ಮಗಳನ್ನು ಕರೆದುಕೊಂಡು ನಾನೊಬ್ಬನೇ ಹೋಗುವುದೆಂದೂ ತೀರ್ಮಾನವಾಗಿದೆ. ಆ ಭಾನುವಾರ ಮಗನೊಂದಿಗೆ ಮನೆಯಲ್ಲಿರುವುದಾಗಿ ತಾಯಿಯವರು ತಾವಾಗಿಯೇ ಹೇಳಿದರು. ವಸ್ತುಸಂಗ್ರಹಾಲಯವನ್ನು ಸಂಕ್ರಾಂತಿಯ ರಜೆಗೆ ಇಟ್ಟುಕೊಂಡಿದ್ದೇವೆ. ಎತ್ತರದ ಗೆರೆ ಇಲ್ಲ ಎಂಬ ವಾಕ್ಯವನ್ನು ಮಗ ನನ್ನಿಂದ ಎರಡು ಸಲ ಓದಿಸಿದ.

ಸೋಮೇಶ್ವರಪುರಂನವರೇ, ಪುಸ್ತಕಗಳ ಬಗ್ಗೆ ಹೇಳಿದ ಮಾತಿಗೆ ಕೃತಜ್ಞತೆಗಳು. ನಮ್ಮ ಬೀದಿಯಲ್ಲಿ ಆರು ಮನೆಯವರು ಒಪ್ಪಿದ್ದಾರೆ. 29ರ ಸಂಜೆ ಐದು ಗಂಟೆಗೆ ನಿಮಗೆ ಬರಲು ಅನುಕೂಲವಾಗುತ್ತದೆಯೇ? ಒಗಟಿನ ಅಜ್ಜಿಯವರನ್ನೂ ಜೊತೆಗೆ ಕರೆತರಲು ಸಾಧ್ಯವಾದರೆ ಆಟೊದ ಖರ್ಚು ನನ್ನದು.